ಹೋಗುವ ಚೀಲ, ಬರುವ ಚೀಲ

ಫೆಬ್ರವರಿ 10
ಹೆಣ್ಣುಮಕ್ಕಳ ಹಾಸ್ಟೆಲ್

ಪ್ರೀತಿಯ ಹವಾಮಾನರಾಯರೇ,

ಗಂಡನಿಗೆ ಬರೆಯುತ್ತಿರುವ ಮೊದಲ ಕಾಗದ! ಗಂಡ! ಪದ ಬರೆದು ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತಿದ್ದೆ. ರೂಮ್‌ಮೇಟ್ ಪಾಪಚ್ಚಿ, "ಏನೇ, ಕಾಗದ ನೋಡ್ಕೊಂಡು ನಗ್ತಿದೀಯಾ?" ಎಂದಳು. "ಇನ್ನು ನಾಲ್ಕು ತಿಂಗಳು ಇದರ ಜೊತೆನೇ ಸಂಸಾರ ಕಣೇ" ಎಂದೆ. ದಿಂಬು ಎಸೆದಳು.

ನೀನು ದೋಣಿ ಹತ್ತಿದಾಗ ನಾನು ಅಳಲಿಲ್ಲ, ಗಮನಿಸಿದೆಯಾ? ಬಸ್ಸಿನಲ್ಲಿ ಬಡ್ಡಿ ಸಮೇತ ಅತ್ತುಬಿಟ್ಟೆ. ಪಕ್ಕದ ಸೀಟಿನ ಅಜ್ಜಿ, "ಯಾರು ಹೋದ್ರಮ್ಮಾ?" ಎಂದರು. "ಗಂಡ, ಅಜ್ಜಿ. ದ್ವೀಪಕ್ಕೆ. ಕೆಲಸಕ್ಕೆ" ಎಂದೆ. "ಅಷ್ಟೇನಾ" ಎಂದು ಕಿಟಕಿ ಕಡೆ ತಿರುಗಿಕೊಂಡರು. ಅವರಿಗೆ ನಿರಾಸೆಯೇ ಆಯಿತು, ಪಾಪ.

ನಿನ್ನ ಹವಾಮಾನ ಕೇಂದ್ರಕ್ಕೆ ದೋಣಿ ಎರಡು ವಾರಕ್ಕೊಮ್ಮೆ ಮಾತ್ರ ಬರುವುದು, ವೈರ್‌ಲೆಸ್ಸಿನಲ್ಲಿ ಗಾಳಿ ಮಳೆ ಬಿಟ್ಟು ಬೇರೆ ಮಾತಾಡುವಂತಿಲ್ಲ, ಮನೆಯಲ್ಲಿ ಹುಟ್ಟು ಸಾವು ಆದರೆ ಮಾತ್ರ ರಿಯಾಯಿತಿ ಎಂದೆಲ್ಲ ನೀನು ಮದುವೆಗೆ ಮುಂಚೆಯೇ ಹೇಳಿದ್ದೆ. ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲ. ಆಗ ನಿನ್ನ ಹುಬ್ಬು ನೋಡುತ್ತಿದ್ದೆ.

ಕಾಲೇಜು ಶುರುವಾಯಿತು. ವಾಸ್ತುಶಿಲ್ಪದ ಐದನೇ ವರ್ಷ, ಕೊನೇ ಸೆಮಿಸ್ಟರ್, ಐದು ಕೋರ್ಸು. ಎಲ್ಲವೂ ಸೂಪರ್. ಜೂನ್‌ನಲ್ಲಿ ಪದವಿ, ಜೂನ್‌ನಲ್ಲೇ ನಿನ್ನ ದ್ವೀಪದ ಸರದಿ ಮುಗಿದು ಊರಿನ ಕೇಂದ್ರಕ್ಕೆ ವರ್ಗ, ಕ್ವಾರ್ಟರ್ಸ್! ನೀನು ಹೇಳಿದ್ದನ್ನು ಕೇಳಿಯೇ ಮನೆಯ ನಕ್ಷೆ ಬರೆದಿಟ್ಟಿದ್ದೇನೆ. ಅಡುಗೆಮನೆ ಕಿಟಕಿ ಪೂರ್ವಕ್ಕೋ ಉತ್ತರಕ್ಕೋ? ತಕ್ಷಣ ತಿಳಿಸು. ತಕ್ಷಣ ಎಂದರೆ ಮುಂದಿನ ದೋಣಿ.

ನಿನ್ನ, ನಿನ್ನದೇ,
ಗಡಿಬಿಡಿ


ಮಾರ್ಚ್ 2
ಹವಾಮಾನ ಕೇಂದ್ರ

ಪ್ರೀತಿಯ ಗಡಿಬಿಡಿ,

ಕಿಟಕಿ ಪೂರ್ವಕ್ಕಿದೆ. ನಿನ್ನ ಹಾಗೆ ಬರೆಯಲು ನನಗೆ ಬರುವುದಿಲ್ಲ. ಇಲ್ಲಿ ನಾವು ಬರೆಯುವುದೆಲ್ಲ ಅಂಕಿ.

ಕಳೆದ ವಾರ ಒಂದು ಬೆಳಗ್ಗೆ ಎಚ್ಚರವಾಗಲಿಲ್ಲ, ತಾಪಮಾನದ ಒಂದು ಓದು ತಪ್ಪಿತು. ಹಿಂದಿನದೂ ಮುಂದಿನದೂ ಗೊತ್ತಿದ್ದರೆ ನಡುವಿನದನ್ನು ಯಾರು ಬೇಕಾದರೂ ಊಹಿಸಬಹುದು. ಆದರೆ ಊಹಿಸಿ ಬರೆಯುವಂತಿಲ್ಲ. ಪಟ್ಟಿಯಲ್ಲಿ ಆ ಅಂಕಿಯ ಮನೆಯನ್ನು ಖಾಲಿ ಬಿಡಬೇಕು, ಖಾಲಿ ಎಂದು ಎಲ್ಲರಿಗೂ ಕಾಣಬೇಕು. ಮುಖ್ಯಸ್ಥರು ಬೈದರು. "ನಿದ್ದೆ ಮಾಡಿದ್ದಕ್ಕೆ ಬೈತಿದೀನಿ ಕಣಯ್ಯಾ. ಸುಳ್ಳು ಬರ್ದಿದ್ರೆ ಬೈತಿರಲಿಲ್ಲ, ದೋಣಿ ಹತ್ತಿಸ್ತಿದ್ದೆ" ಎಂದರು. ನನಗೆ ಈ ಕೆಲಸ ಹಿಡಿಸುವುದು ಈ ಕಾರಣಕ್ಕೇ.

ಹೊಸ ಸುದ್ದಿ ಎಂದರೆ, ಮನೆಯವರು ಬಂದು ಒಂದು ದೋಣಿಯಿಂದ ಇನ್ನೊಂದು ದೋಣಿಯವರೆಗೆ ಇಲ್ಲಿ ಇರಬಹುದಂತೆ. ಮುಖ್ಯಸ್ಥರ ಒಪ್ಪಿಗೆ ಸಾಕಂತೆ. ಇದುವರೆಗೂ ಯಾರೂ ಬಂದಿಲ್ಲ. ಬಂದರೆ ನೋಡುವುದಕ್ಕೆ ಕಲ್ಲು, ಹಕ್ಕಿ ಮತ್ತು ಮೀಸೆ. ಮೀಸೆ ಎಂದರೆ ನನ್ನ ಜೊತೆಯವನು, ನಾವಿಬ್ಬರೂ ಒಂದೇ ಕೋಣೆ. ಅವನ ಹೆಂಡತಿ ಬಸುರಿ. ದಿನಾ ಒಂದೇ ಪ್ರಶ್ನೆ: "ಹೆಣ್ಣೋ ಗಂಡೋ, ಗಾಳಿ ನೋಡಿ ಹೇಳಯ್ಯಾ."

ಚೆನ್ನಾಗಿ ಓದು.


ಮಾರ್ಚ್ 11
ಹಾಸ್ಟೆಲ್

ನನ್ನವನೇ,

ನಗುತ್ತ ಶುರು ಮಾಡಲು ಮೂರು ಕಾಗದ ಹರಿದೆ. ಬರುತ್ತಿಲ್ಲ. ನೇರವಾಗಿ ಬರೆಯುತ್ತೇನೆ.

ಹೋದ ಜೂನ್ ನೆನಪಿದೆಯಾ? ನಾವು ಮೊದಲು ಭೇಟಿಯಾದ ವಾರ, ನನ್ನ ಪರೀಕ್ಷೆಯ ವಾರ. ದಿನವೂ ಸಂಜೆ ನದಿ ದಂಡೆ, ಆ ಹಳೇ ಸೇತುವೆ, ತಣ್ಣಗಾದ ಕಾಫಿ. ಕೊನೇ ದಿನ ಬಸ್‌ಸ್ಟ್ಯಾಂಡಿನಲ್ಲಿ ನೀನು, "ಪರೀಕ್ಷೆ ಹೇಗಾಯ್ತು?" ಎಂದು ಕೇಳಿದ್ದೆ. "ಸೂಪರ್" ಎಂದಿದ್ದೆ. ಸೂಪರ್ ಆಗಿರಲಿಲ್ಲ. ರಚನಾ ವಿಶ್ಲೇಷಣೆಯಲ್ಲಿ ಫೇಲಾದೆ. ತೊಲೆಗಳ ಮೇಲೆ ಭಾರ ಬಿದ್ದರೆ ಅವು ಹೇಗೆ ಬಾಗುತ್ತವೆ ಎಂಬ ಲೆಕ್ಕ ಅದು. ಹೇಳಿದರೆ ನಿನ್ನಿಂದ ಆಯಿತು ಎಂದುಕೊಳ್ಳುತ್ತೀಯ ಎಂದು ಬಚ್ಚಿಟ್ಟೆ. ಈ ಸೆಮಿಸ್ಟರ್‌ನ ಐದು ಕೋರ್ಸಿನಲ್ಲಿ ಒಂದು ಅದೇ, ಮತ್ತೆ.

ನಿಯಮ ಹೀಗಿದೆ. ಕಡ್ಡಾಯ ಕೋರ್ಸಿನಲ್ಲಿ ಫೇಲಾದವರು ಅದನ್ನು ಒಂದೇ ಸಲ ಪುನರಾವರ್ತಿಸಬಹುದು. ಎರಡನೇ ಸಲವೂ ಫೇಲಾದರೆ ಪದವಿಯಿಂದಲೇ ಹೊರಗೆ. ಐದು ವರ್ಷ ನೀರಿಗೆ ಬಿದ್ದ ಹಾಗೆ. ಆದರೆ ಮಾರ್ಚ್ 28ರ ಒಳಗೆ ಕೋರ್ಸನ್ನು ಹಿಂತೆಗೆದುಕೊಂಡರೆ ಅಂಕಪಟ್ಟಿಯಲ್ಲಿ ಒಂದು ಡಬ್ಲ್ಯೂ ಬೀಳುತ್ತದೆ, ಅಷ್ಟೇ. ಅದು ಪ್ರಯತ್ನವೆಂದು ಲೆಕ್ಕಕ್ಕಿಲ್ಲ. ಇನ್ನೊಂದು ಸಲ ಕೂರಬಹುದು. ತೊಂದರೆ ಏನೆಂದರೆ ಈ ಕೋರ್ಸು ವರ್ಷಕ್ಕೊಮ್ಮೆ ಮಾತ್ರ ನಡೆಯುತ್ತದೆ. ಹಿಂತೆಗೆದರೆ ಇನ್ನೊಂದು ಇಡೀ ವರ್ಷ ನಾನು ಇಲ್ಲಿ, ಹಾಸ್ಟೆಲ್ಲಿನ ಕಬ್ಬಿಣದ ಮಂಚದ ಮೇಲೆ. ಪೂರ್ವದ ಕಿಟಕಿ, ನಕ್ಷೆ, ಎಲ್ಲ ಮುಂದಕ್ಕೆ.

ಮಧ್ಯಾವಧಿ ಪರೀಕ್ಷೆಯ ಅಂಕ ಇವತ್ತು ಹಾಕಿದರು. ಇಪ್ಪತ್ತಕ್ಕೆ ಐದು. ಕಿರಿಯ ಹುಡುಗಿಯರು, "ಆಂಟಿ, ನಿಮಗೆಷ್ಟು?" ಎಂದು ಕೇಳುತ್ತಾರೆ. ಮದುವೆಯಾದದ್ದೇ ತಡ, ಆಂಟಿ!

ನಾನೊಬ್ಬಳೇ ನಿರ್ಧಾರ ಮಾಡಲಾರೆ. ಇದು ನಮ್ಮಿಬ್ಬರ ವರ್ಷ. ಈ ಕಾಗದ ಹದಿನಾರರ ದೋಣಿಗೆ ನಿನ್ನನ್ನು ಮುಟ್ಟುತ್ತದೆ. ಅದರ ಮುಂದಿನ ದೋಣಿ ಮೂವತ್ತಕ್ಕೆ, ಅಷ್ಟರಲ್ಲಿ ಗಡುವು ಮುಗಿದಿರುತ್ತದೆ. ಆದ್ದರಿಂದ ದಮ್ಮಯ್ಯ, ದೋಣಿ ನಿಂತಿರುವಾಗಲೇ ಕಲ್ಲಿನ ಮೇಲೆ ಕೂತಾದರೂ ಎರಡು ಸಾಲು ಗೀಚಿ ಅದೇ ದೋಣಿಗೆ ಕೊಟ್ಟುಬಿಡು. ಬಿಡಲೋ ಬೇಡವೋ. ನೀನು ಹೇಳಿದ ಹಾಗೆ ಮಾಡುತ್ತೇನೆ.

ಬೈದರೂ ಸರಿ. ಬರೆ.

ಗಡಿಬಿಡಿ


ಮಾರ್ಚ್ 16
ಹವಾಮಾನ ಕೇಂದ್ರ

ಪ್ರೀತಿಯ ಗಡಿಬಿಡಿ,

ನಾವೆಲ್ಲ ಕ್ಷೇಮ. ಮೂರು ದಿನದಿಂದ ಗಾಳಿ ಜೋರು. ಅಡುಗೆಯವರು ಹೊರಗೆ ಒಣಹಾಕಿದ್ದ ಅಂಗಿ ಸಮುದ್ರದ ಪಾಲಾಯಿತು. "ಈಗ ಮೀನು ನನ್ನ ಅಂಗಿ ಹಾಕ್ಕೊಂಡು ಓಡಾಡ್ತಿರುತ್ತೆ" ಎಂದು ಗೊಣಗುತ್ತಿದ್ದಾರೆ.

ಊರಿನ ಕೇಂದ್ರದಿಂದ ಕ್ವಾರ್ಟರ್ಸ್ ಬಗ್ಗೆ ಒಬ್ಬರು ಬರೆದಿದ್ದಾರೆ. ಹಿಂದೆ ಇದ್ದವರು ಪುಸ್ತಕದ ಕಪಾಟನ್ನು ಅರ್ಧ ಮಾಡಿ ಬಿಟ್ಟುಹೋಗಿದ್ದಾರಂತೆ. ಅರ್ಧಕ್ಕೆ ಬಿಟ್ಟ ಕೆಲಸ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ, ನಿನಗೆ ಗೊತ್ತಲ್ಲ. ಜೂನ್‌ನಲ್ಲಿ ಬಂದ ಮೊದಲ ದಿನವೇ ಅದನ್ನು ಮುಗಿಸುತ್ತೇನೆ. ನಿನ್ನ ಪುಸ್ತಕ ಎಲ್ಲ ಅದರಲ್ಲಿ ಜೋಡಿಸಬೇಕು.

ಇಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದೇನೆ, ಜೂನ್‌ಗೆ ನನ್ನ ಹೆಂಡತಿ ವಾಸ್ತುಶಿಲ್ಪಿ ಎಂದು. "ಮೊದಲು ನಮ್ಮ ಕಕ್ಕಸು ಸರಿ ಮಾಡಿಸು ಅನ್ನು" ಎಂದ ಮೀಸೆ. ನನಗೆಷ್ಟು ಹೆಮ್ಮೆ ಎಂದು ಅವನ ಹೊಟ್ಟೆಕಿಚ್ಚಿನಿಂದಲೇ ಗೊತ್ತಾಗುತ್ತದೆ ನೋಡು.

ಧೈರ್ಯವಾಗಿರು.


ಮಾರ್ಚ್ 19
ಹಾಸ್ಟೆಲ್

ನನ್ನ ಬಂಗಾರವೇ,

ನಿನ್ನ ಕಾಗದ ನಿನ್ನೆ ಬಂತು. ಮೊದಲು ತಾರೀಖು ನೋಡಿದೆ. ಹದಿನಾರು! ದೋಣಿ ಕಾಯಿಸಿ ಬರೆದೆಯಲ್ಲ, ಹುಚ್ಚಪ್ಪ! ಮೆಟ್ಟಿಲ ಮೇಲೆಯೇ ಕೂತು ಓದಿದೆ. ಪಾಪಚ್ಚಿಗೆ ಗಟ್ಟಿಯಾಗಿ ಓದಿ ಹೇಳಿದೆ. "ಎಲ್ಲೇ? ಕೋರ್ಸ್ ಮಾತೇ ಇಲ್ಲ?" ಎಂದಳು. ಅವಳಿಗೇನು ಗೊತ್ತು ನಿನ್ನ ರೀತಿ. ನನಗೆ ನಾಚಿಕೆಯಾಗಬಾರದು ಎಂದು ಫೇಲಾದ ಮಾತೇ ಎತ್ತದೆ, ಕಪಾಟಿನ ನೆಪದಲ್ಲಿ ಹೇಳಿದೆಯಲ್ಲ. ಅರ್ಧಕ್ಕೆ ಬಿಡುವುದು ನಿನಗೆ ಆಗದು. ಜೂನ್ ಎಂದರೆ ಜೂನ್. ಧೈರ್ಯವಾಗಿರು.

ಆಯಿತು. ಬಿಡುವುದಿಲ್ಲ.

ಇಪ್ಪತ್ತಕ್ಕೆ ಐದು ಇನ್ನೂ ಐದೇ, ಅದು ಇರಲಿ. ನೀನು ನಂಬಿದ್ದೀಯಲ್ಲ. ಹಿಂತೆಗೆತದ ಅರ್ಜಿಯನ್ನು ತುಂಬಿಟ್ಟುಕೊಂಡಿದ್ದೆ, ಸಹಿ ಒಂದು ಬಾಕಿ ಇತ್ತು. ಅದರ ಬೆನ್ನ ಮೇಲೆ ಈಗ ಒಂದು ಕಪಾಟಿನ ಚಿತ್ರ ಬರೆದಿದ್ದೇನೆ.

ಕಪಾಟು ಗೋಡೆಯಿಂದ ಚಾಚಿಕೊಂಡಿದ್ದರೆ ಅದರ ಭಾರದ ಲೆಕ್ಕ ನನಗೆ ಬರುವುದಿಲ್ಲ, ಎಚ್ಚರಿಕೆ!

ನಿನ್ನ,
ಗಡಿಬಿಡಿ


ಮಾರ್ಚ್ 30
ಹವಾಮಾನ ಕೇಂದ್ರ

ಗಡಿಬಿಡಿ,

ನಿನ್ನ ಹನ್ನೊಂದರ ಕಾಗದವನ್ನು ನಾನು ಓದಿದ್ದು ಹದಿನಾರಕ್ಕೆ, ದೋಣಿ ಹೋಗಿ ಕಣ್ಣಿಗೆ ಚುಕ್ಕೆಯಾದ ಮೇಲೆ. ಇಲ್ಲಿನ ಕ್ರಮ ನಿನಗೆ ಹೇಳಿರಲಿಲ್ಲ. ಹೇಳಬೇಕು ಅಂತ ಅನಿಸಿರಲೇ ಇಲ್ಲ. ಹೋಗುವ ಚೀಲಕ್ಕೆ ಮೊದಲು ಅರಗು ಹಾಕಿ ಮುದ್ರೆ ಒತ್ತುತ್ತಾರೆ. ಅದು ದೋಣಿಗೆ ಏರಿ, ದೋಣಿ ಹೊರಟ ಮೇಲೆಯೇ ಬರುವ ಚೀಲವನ್ನು ಬಿಚ್ಚುವುದು. ಹಿಂದೊಮ್ಮೆ ಎರಡೂ ಚೀಲ ಬೆರೆತು, ಬಂದ ಕಾಗದಗಳೆಲ್ಲ ಅದೇ ದೋಣಿಯಲ್ಲಿ ವಾಪಸ್ ಹೋಗಿದ್ದವಂತೆ. ಅಂದಿನಿಂದ ಈ ಕಟ್ಟುನಿಟ್ಟು. ನಾವು ಯಾವ ದಿನ ಬರೆದರೂ ಚೀಲ ಮುಚ್ಚುವ ದಿನದ ತಾರೀಖನ್ನೇ ಹಾಕಬೇಕು. ನಿನಗೆ ತಲುಪಿರುವ ಹದಿನಾರರ ಕಾಗದವನ್ನು ನಾನು ಬರೆದದ್ದು ಅದಕ್ಕೆ ನಾಲ್ಕು ದಿನ ಮುಂಚೆ.

ಹೋದ ಜೂನ್‌ನದು ನಿನ್ನ ತಪ್ಪಲ್ಲ, ಆ ಸೇತುವೆಯ ತಪ್ಪು. ಬೇಜಾರಿಲ್ಲ.

ಉತ್ತರ: ಹಿಂತೆಗೆದುಕೋ. ಖಾಲಿ ಮನೆ ಸುಳ್ಳು ಅಂಕಿಗಿಂತ ಮೇಲು. ಒಂದು ವರ್ಷ ಕಾಯೋಣ. ಗಡುವು ಈಗ ಮುಗಿದಿದೆ, ಆದರೆ ನನ್ನಿಂದ ಉತ್ತರ ಬರದೆ ಇದ್ದಾಗ ನೀನು ಸುರಕ್ಷಿತವಾದದ್ದನ್ನೇ ಮಾಡಿರುತ್ತೀಯ ಎಂದು ನಂಬಿದ್ದೇನೆ. ಆ ನಂಬಿಕೆಯ ಮೇಲೆ ಇಲ್ಲಿ ಒಂದೆರಡು ಏರ್ಪಾಡು ಮಾಡಿದ್ದೇನೆ. ಮುಂದೆ ತಿಳಿಸುತ್ತೇನೆ.


ಏಪ್ರಿಲ್ 2
ಹಾಸ್ಟೆಲ್

ಅಯ್ಯೋ, ಏನು ಬರೆಯಲಿ.

ನಾನು ಹಿಂತೆಗೆದುಕೊಳ್ಳಲಿಲ್ಲ. ಇಷ್ಟರಲ್ಲಿ ನನ್ನ ಹತ್ತೊಂಬತ್ತರ ಕಾಗದ ಓದಿರುತ್ತೀಯ. ನಿನ್ನ ಕಪಾಟನ್ನು ಉತ್ತರ ಎಂದುಕೊಂಡೆ. ಎಂಥಾ ಪೆದ್ದು ನಾನು!

ನಿನ್ನ ಕಾಗದ ಓದಿದವಳೇ ರಿಜಿಸ್ಟ್ರಾರ್ ಕಚೇರಿಗೆ ಓಡಿದೆ. ಮೂರನೇ ಕಿಟಕಿಯ ಮೇಡಂ ಚಹಾಕ್ಕೆ ಬಿಸ್ಕತ್ತು ಅದ್ದುತ್ತಿದ್ದರು.

"ಗಡುವು ಮುಗೀತಲ್ಲಮ್ಮಾ. ಇನ್ನು ವಿಶೇಷ ಮನವಿ ಹಾಕ್ಬೇಕು, ಸಮಿತಿ ನೋಡುತ್ತೆ. ಕಾರಣ ಏನು?"

"ಗಂಡನ ಉತ್ತರ ತಡವಾಗಿ ಬಂತು ಮೇಡಂ."

"ಯಾವುದಕ್ಕೆ ಉತ್ತರ?"

"ಬಿಡಲಾ ಬೇಡವಾ ಅಂತ ಕೇಳಿದ್ದೆ."

"ಗಂಡನ್ನಾ?"

"ಕೋರ್ಸನ್ನ!"

ಬಿಸ್ಕತ್ತು ಚಹಾದೊಳಗೆ ಮುರಿದುಬಿತ್ತು. "ಇಷ್ಟು ವರ್ಷದಲ್ಲಿ ಕಾಯಿಲೆ, ಅಪಘಾತ, ಮನೇಲಿ ಸಾವು, ಇಷ್ಟೇ ನೋಡಿರೋದು ನಾನು. 'ವಿದ್ಯಾರ್ಥಿಯ ಕೈಮೀರಿದ ಕಾರಣ' ಅಂತ ನಿಯಮದಲ್ಲಿದೆ. ದೋಣಿ ಕೈಮೀರಿದ್ದೋ ಅಲ್ವೋ, ಅವರೇ ಹೇಳಲಿ" ಎಂದು ಅರ್ಜಿ ಕೊಟ್ಟರು. ಒಳ್ಳೆಯವರು. ಚಮಚದಿಂದ ಬಿಸ್ಕತ್ತು ಹುಡುಕುತ್ತಲೇ, "ಪುರಾವೆ ಇಡಮ್ಮಾ" ಎಂದರು. ನಿನ್ನ ಎರಡು ಕಾಗದ ಲಗತ್ತಿಸಿದ್ದೇನೆ. ಮೀಸೆಯ ಕಕ್ಕಸಿನ ಮಾತನ್ನು ಸಮಿತಿ ಓದುತ್ತದೆ, ಕ್ಷಮಿಸು.

ಊಟ ಸೇರುತ್ತಿಲ್ಲ. ತರಗತಿಗೆ ಹೋದರೆ ಕೊನೇ ಬೆಂಚು. ತೊಲೆ ಮೇಷ್ಟ್ರು ನನ್ನ ಕಡೆ ನೋಡಿದರೆ ಪೆನ್ಸಿಲ್ ಕೆಳಗೆ ಬಿದ್ದವಳ ಹಾಗೆ ಬಗ್ಗುತ್ತೇನೆ.

ಏನು ಏರ್ಪಾಡು ಮಾಡಿದ್ದೀಯ? ಯಾಕೆ ಮುಂದೆ ತಿಳಿಸುತ್ತೇನೆ ಎಂದೆ?


ಏಪ್ರಿಲ್ 13
ಹವಾಮಾನ ಕೇಂದ್ರ

ಗಡಿಬಿಡಿ,

ನಿನ್ನ ಹತ್ತೊಂಬತ್ತರ ಕಾಗದವನ್ನು ಮೂವತ್ತಕ್ಕೆ ಓದಿದೆ, ನನ್ನದು ದೋಣಿ ಹತ್ತಿದ ಮೇಲೆ. ಎರಡು ವಾರದಿಂದ ದೋಣಿಯ ದಿನವನ್ನೇ ಎಣಿಸುತ್ತಿದ್ದೇನೆ.

ಗಡುವಿನ ನಂತರವೂ ಒಂದು ದಾರಿ ಇರುತ್ತದೆ, ಪ್ರತಿ ಕಾಲೇಜಿನಲ್ಲೂ ಇರುತ್ತದೆ. ಮನೆಯಲ್ಲಿ ಗಂಭೀರ ಕಾಯಿಲೆ ಎಂದರೆ ಒಪ್ಪುತ್ತಾರೆ. ಇದರ ಜೊತೆ ಒಂದು ಪ್ರಮಾಣಪತ್ರ ಇಟ್ಟಿದ್ದೇನೆ. ಮಾರ್ಚ್ ಕೊನೆಯ ವಾರ ನಾನು ಜ್ವರದಿಂದ ಎಚ್ಚರ ತಪ್ಪಿದ್ದೆ ಎಂದಿದೆ. ಕೇಂದ್ರದ ಔಷಧಿ ಪೆಟ್ಟಿಗೆ ನೋಡಿಕೊಳ್ಳುವವನು ಮೀಸೆಯೇ, ಅವನ ಸಹಿ, ಮುದ್ರೆ. ಮುಖ್ಯಸ್ಥರಿಗೆ ಗೊತ್ತಿಲ್ಲ.

ಇದನ್ನು ಕೊಟ್ಟು ಡಬ್ಲ್ಯೂ ತೆಗೆದುಕೋ. ಯೋಚನೆ ಮಾಡಬೇಡ. ದಯವಿಟ್ಟು.


ಏಪ್ರಿಲ್ 16
ಹಾಸ್ಟೆಲ್

ಪ್ರೀತಿಯ ನಿನಗೆ,

ಪ್ರಮಾಣಪತ್ರ ವಾಪಸ್ ಇಟ್ಟಿದ್ದೇನೆ. ನಿನ್ನೆ ಅದು ಬಂದಾಗ ಅರ್ಧ ದಿನ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ, ಸುಳ್ಳು ಹೇಳುವುದಿಲ್ಲ. ಸಮಿತಿ ಇವತ್ತು ಬೆಳಗ್ಗೆ ಕರೆದಿತ್ತು. ನನ್ನ ಕೈಚೀಲದೊಳಗೆ ಅದೂ ಇತ್ತು. ಕೈ ಹಾಕಿದೆ, ಮುಟ್ಟಿದೆ. ತೆಗೆಯಲಿಲ್ಲ. ಒಂದು ಓದು ತಪ್ಪಿದ್ದಕ್ಕೆ ಖಾಲಿ ಬಿಟ್ಟವನು ನೀನು. ಒಂದು ವಾರದ ಜ್ವರವನ್ನು ನನಗೋಸ್ಕರ ಊಹಿಸಿ ಬರೆಸಿದೆ. ಮುಂದೆ ನಾನು ನಿನ್ನ ಯಾವ ಅಂಕಿಯನ್ನು ನಂಬಲಿ? ಗೊತ್ತಾದರೆ ಮುಖ್ಯಸ್ಥರು ನಿಮ್ಮಿಬ್ಬರನ್ನೂ ದೋಣಿ ಹತ್ತಿಸುವುದಿಲ್ಲವಾ?

ಸಮಿತಿಯಲ್ಲಿ ಮೂವರು. ಉದ್ದನೆಯ ಮೇಜು, ಒಂದು ಫ್ಯಾನು, ಅದರ ಗಾಳಿಯೆಲ್ಲ ಅಧ್ಯಕ್ಷೆಗೆ. ಅವರು ನಿನ್ನ ಕಾಗದ ಎರಡನ್ನೂ ಓದಿ, ಕಕ್ಕಸಿನ ಸಾಲಿಗೆ ಬಂದಾಗ ಕೆಮ್ಮಿ, ಕೊನೆಗೆ ಹಿಂತೆಗೆತದ ಅರ್ಜಿ ನನ್ನ ಮುಂದೆ ತಳ್ಳಿದರು.

"ಇದರಲ್ಲಿ ಗಂಡನ ಸಹಿಗೆ ಜಾಗ ಎಲ್ಲಿದೆ, ತೋರಿಸು."

ನೋಡಿದೆ. ಇರಲಿಲ್ಲ.

"ತಂದೆ ಸಹಿ? ಮೇಷ್ಟ್ರ ಸಹಿ?"

"ಇಲ್ಲ ಮೇಡಂ."

"ಯಾರ ಸಹಿಗಿದೆ?"

"ನನ್ನದು."

"ಆ ಕೈ ಇಪ್ಪತ್ತೆಂಟರ ತನಕ ನಿನ್ನ ಹತ್ರಾನೇ ಇತ್ತಲ್ಲಮ್ಮಾ. ಕೈಮೀರಿದ್ದು ಹೇಗಾಯ್ತು?"

ಅವರು ಗದರಿಸಲಿಲ್ಲ. ಗದರಿಸಿದ್ದರೆ ಅತ್ತು ಹಗುರಾಗುತ್ತಿದ್ದೆ. ಮನವಿ ತಿರಸ್ಕೃತ.

ಹೊರಗೆ ಬಂದು ಕಾರಿಡಾರಿನ ನಲ್ಲಿಯಲ್ಲಿ ಮುಖ ತೊಳೆದೆ. ಇನ್ನು ಬಚ್ಚಿಟ್ಟುಕೊಳ್ಳುವುದಕ್ಕೆ ಏನೂ ಉಳಿದಿರಲಿಲ್ಲ. ಸೀದಾ ತೊಲೆ ಮೇಷ್ಟ್ರ ಕೋಣೆಗೆ ಹೋದೆ. ಎರಡು ವರ್ಷದಲ್ಲಿ ಮೊದಲ ಸಲ. ನನ್ನ ಮಧ್ಯಾವಧಿ ಉತ್ತರಪತ್ರಿಕೆ ಹುಡುಕಿ ತೆಗೆದು, "ಲೆಕ್ಕ ಎಲ್ಲಾ ಸರಿ ಇದೆಯಲ್ಲಾ. ಚಿತ್ರ ತಲೆಕೆಳಗು" ಎಂದರು. ಕಣ್ಣರಳಿಸಿದೆ. "ನೋಡು. ಎರಡೂ ಕಡೆ ಆಸರೆ ಇರೋ ತೊಲೆ ಭಾರಕ್ಕೆ ಕೆಳಗೆ ಬಾಗುತ್ತೆ, ನಗೋ ಬಾಯಿ ಥರ. ಒಂದೇ ಕಡೆ ಗೋಡೆ ಹಿಡ್ಕೊಂಡು ಚಾಚಿರೋದು ಇದೆಯಲ್ಲ, ಅದರ ತುದಿ ಜಗ್ಗುತ್ತೆ, ಅಳೋ ಬಾಯಿ ಥರ. ನೀನು ಎಲ್ಲಾ ತೊಲೇನೂ ನಗಿಸಿಬಿಟ್ಟಿದೀಯ. ಬಾಲ್ಕನಿಗೆ ಮೇಲ್ಗಡೆ ಹಾಕ್ಬೇಕಾದ ಕಬ್ಬಿಣಾನ ಕೆಳಗಡೆ ಹಾಕಿದೀಯ. ಆ ಬಾಲ್ಕನಿ ಮೇಲೆ ನಾನಂತೂ ನಿಲ್ಲಲ್ಲಪ್ಪ."

ನಗು ಬಂತು. ಅಷ್ಟೇನಾ, ಎರಡು ವರ್ಷ ನನ್ನನ್ನು ಹೆದರಿಸಿದ್ದು! ಅಷ್ಟೇ ಅಲ್ಲ, ಇನ್ನೂ ಬೇಕಾದಷ್ಟಿದೆ, ನಾಳೆಯಿಂದ ದಿನಾ ಮಧ್ಯಾಹ್ನ ಬಾ ಎಂದಿದ್ದಾರೆ.

ಈಗ ಬೇರೆ ದಾರಿಯಿಲ್ಲ. ಪಾಸಾದರೆ ಪದವಿ, ಇಲ್ಲದಿದ್ದರೆ ಏನೂ ಇಲ್ಲ. ಹೆದರಿಕೆಯಾಗುತ್ತಿದೆ.


ಏಪ್ರಿಲ್ 27
ಹವಾಮಾನ ಕೇಂದ್ರ

ಗಡಿಬಿಡಿ,

ನಿನ್ನ ಎರಡನೇ ತಾರೀಖಿನ ಕಾಗದ ಓದಿದೆ. ಏರ್ಪಾಡು ಏನೆಂದು ಕೇಳಿದ್ದೀಯ. ಇನ್ನು ಮುಚ್ಚಿಡಲಾರೆ.

ಊರಿನ ಕೇಂದ್ರಕ್ಕೆ ವರ್ಗ, ಕ್ವಾರ್ಟರ್ಸ್ ಎರಡೂ ವರ್ಷಕ್ಕೆ ಒಬ್ಬರಿಗೆ. ಈ ವರ್ಷದ ಸರದಿ ನನ್ನದಿತ್ತು. ನೀನು ಕೋರ್ಸ್ ಹಿಂತೆಗೆದುಕೊಂಡು ಇನ್ನೊಂದು ವರ್ಷ ಹಾಸ್ಟೆಲ್ಲಿನಲ್ಲಿ ಇರುತ್ತೀಯ ಎಂದುಕೊಂಡೆ. ಖಾಲಿ ಮನೆಯಲ್ಲಿ ನಾನೊಬ್ಬನೇ ಏನು ಮಾಡಲಿ? ಮೀಸೆಯ ಹೆಂಡತಿಗೆ ಜುಲೈಯಲ್ಲಿ ಹೆರಿಗೆ. ಮಾರ್ಚ್ ಮೂವತ್ತರ ದೋಣಿಗೆ ಸರದಿಯ ಹೆಸರು ಕಳಿಸಬೇಕಿತ್ತು. ಅವನ ಹೆಸರು ಕಳಿಸಿದೆ. ಚೀಲಕ್ಕೆ ಮುದ್ರೆ ಬಿದ್ದ ಮೇಲೆ ನಿನ್ನ 'ಬಿಡುವುದಿಲ್ಲ' ಓದಿದೆ.

ಅವನು ಅವಳಿಗೆ ಬರೆದಾಗಿದೆ. ಈಗ ವಾಪಸ್ ಕೇಳಲಾರೆ. ನಾನು ಮುಂದಿನ ಜೂನ್‌ವರೆಗೆ ಇಲ್ಲೇ.

ನೀನು ಹಿಂತೆಗೆದುಕೊಂಡಿದ್ದರೆ ಎಲ್ಲ ಸರಿಹೋಗುತ್ತಿತ್ತು.


ಮೇ 11
ಹವಾಮಾನ ಕೇಂದ್ರ

ಗಡಿಬಿಡಿ,

ವಾಪಸ್ ಬಂದ ಪ್ರಮಾಣಪತ್ರವನ್ನು ಮೀಸೆಯ ಎದುರೇ ಒಲೆಗೆ ಹಾಕಿದೆ. "ಹೆಂಡತಿ ಬೈದ್ಲಾ?" ಎಂದ. ಬೈದಿದ್ದರೆ ಚೆನ್ನಾಗಿತ್ತು ಎಂದೆ. ಮುಖ್ಯಸ್ಥರಿಗೂ ಹೇಳಿದೆ, ಸುಳ್ಳು ಬರೆಸಿದ್ದು ನಾನು, ಮೀಸೆಯಲ್ಲ ಎಂದು. "ದಾಖಲೆಗೆ ಹೋಗೋ ಮುಂಚೆ ಸುಟ್ಟಿದೀಯ, ಹೋಗು" ಎಂದರು. ಅಂದಿನಿಂದ ನನ್ನ ಅಂಕಿಗಳನ್ನು ಎರಡು ಸಲ ನೋಡುತ್ತಾರೆ. ನೋಡಲಿ.

ತೊಲೆಗಳು ಹೇಗಿವೆ? ಬರೆ.


ಮೇ 25
ಹವಾಮಾನ ಕೇಂದ್ರ

ಈ ದೋಣಿಗಾದರೂ ನಿನ್ನ ಕಾಗದ ಇರುತ್ತದೆ ಎಂದುಕೊಂಡೇ ಬರೆಯುತ್ತಿದ್ದೇನೆ. ಹೋದ ಸಲದ ಚೀಲವನ್ನು ತಲೆಕೆಳಗು ಮಾಡಿ ಕೊಡವಿದೆ. ಅಡುಗೆಯವರಿಗೆ ಬಂದ ಹಲ್ಲುಪುಡಿ ಬಿತ್ತು, ಅಷ್ಟೇ.

ಪರೀಕ್ಷೆ ಇದೇ ವಾರ ಅಲ್ಲವೇ. ನನ್ನ ಮೇಲೆ ಕೋಪವಿದ್ದರೆ ಪರೀಕ್ಷೆ ಮುಗಿಯುವವರೆಗೆ ಅದನ್ನು ಎತ್ತಿಡು, ಆಮೇಲೆ ಮಾಡು.


ಜೂನ್ 8
ಹವಾಮಾನ ಕೇಂದ್ರ

ಎರಡು ದೋಣಿ ಬಂದುಹೋದವು, ನಿನ್ನ ಕಾಗದವಿಲ್ಲ. ಇವತ್ತಿನದು ಮೂರನೆಯದು. ಪಾಸೋ ಫೇಲೋ ಎಂದು ವೈರ್‌ಲೆಸ್ಸಿನಲ್ಲಿ ಕೇಳಬಹುದೇ ಎಂದು ಮುಖ್ಯಸ್ಥರನ್ನು ಕೇಳಿದೆ. "ಅದು ಹುಟ್ಟೋ ಸಾವೋ?" ಎಂದರು. ಎರಡೂ ಆಗಿರಬಹುದು ಸಾರ್ ಎಂದೆ. ನಕ್ಕರು, ಒಪ್ಪಲಿಲ್ಲ.

ಫೇಲಾದರೂ ನೀನು ನೀನೇ. ಈ ಮಾತನ್ನು ಫೆಬ್ರವರಿಯಲ್ಲೇ ಬರೆಯಬೇಕಿತ್ತು. ಸರದಿಯ ಹೆಸರು ಕಳಿಸುವ ಮೊದಲು ನಿನ್ನನ್ನು ಕೇಳಬೇಕಿತ್ತು.


ಜೂನ್ 21
ಬಂದರು

ಪ್ರೀತಿಯ ಹವಾಮಾನರಾಯರೇ,

ಮೇ ತಿಂಗಳಿಡೀ ಕೋಪವಿತ್ತು, ಹೌದು. ಎಂಥಾ ಕೋಪ ಗೊತ್ತಾ! ಪಾಪಚ್ಚಿ ನನ್ನ ಕಡೆ ದಿಂಬು ಕೂಡ ಎಸೆಯುತ್ತಿರಲಿಲ್ಲ. ಒಂದು ಸಹಿ ಹಾಕುವುದಕ್ಕೆ ನಾನು ಸಮುದ್ರ ದಾಟಿಸಿ ನಿನ್ನನ್ನು ಕೇಳಿದೆ. ನಮ್ಮ ಮನೆಯನ್ನು ಬಿಟ್ಟುಕೊಡುವುದಕ್ಕೆ ನೀನು ನನ್ನನ್ನು ಕೇಳಲೇ ಇಲ್ಲ. ಅದನ್ನು ಮುಚ್ಚಿಟ್ಟುಕೊಂಡೇ ಡಬ್ಲ್ಯೂ ತೆಗೆದುಕೋ ಎಂದು ಜ್ವರ ಬರಿಸಿಕೊಂಡೆ. ಏಳು ಸಲ ಬರೆದು ಹರಿದೆ. ಆಮೇಲೆ ಹರಿಯುವ ಹೊತ್ತನ್ನೂ ತೊಲೆಗಳಿಗೇ ಕೊಟ್ಟೆ.

ಮೀಸೆಯ ಹೆಂಡತಿಯ ಮೇಲೆ ಕೋಪವಿಲ್ಲ. ಪೂರ್ವದ ಕಿಟಕಿ ಮಗುವಿಗೆ ಒಳ್ಳೆಯದು. ಆ ಅರ್ಧ ಕಪಾಟಿಗೆ ಹೇಗೆ ಆಸರೆ ಕೊಡಬೇಕು ಎಂದು ಒಂದು ಚಿತ್ರ ಬರೆದು ಕಳಿಸಿದ್ದೇನೆ. ಕಬ್ಬಿಣ ಮೇಲ್ಗಡೆ.

ಪರೀಕ್ಷೆಯಲ್ಲಿ ಬಾಲ್ಕನಿಯ ಪ್ರಶ್ನೆ ಬಂತು. ಕೈ ತಾನಾಗಿಯೇ ನಗುವ ಬಾಯಿ ಬರೆಯಲು ಹೋಯಿತು. ನಿಲ್ಲಿಸಿದೆ. ಪೆನ್ಸಿಲ್ ಕೆಳಗಿಟ್ಟು, ಗೋಡೆ ಎಲ್ಲಿದೆ, ಭಾರ ಎಲ್ಲಿದೆ ಎಂದು ನೋಡಿ ಅಳುವ ಬಾಯಿ ಬರೆದೆ.

ಫಲಿತಾಂಶ ಹದಿನೇಳಕ್ಕೆ ಬಂತು. ಸಿ ಗ್ರೇಡ್. ಪಾಸು! ಅಂಕಪಟ್ಟಿಯಲ್ಲಿ ಹೋದ ವರ್ಷದ ಎಫ್ ಕೂಡ ಹಾಗೇ ಇರುತ್ತದೆ, ಪುನರಾವರ್ತನೆ ಮಾಡಿದರೂ ಅಳಿಸುವುದಿಲ್ಲ. ಮೂರನೇ ಕಿಟಕಿಯ ಮೇಡಂ, "ಎರಡೂ ಸಾಲು ಇರುತ್ತಮ್ಮಾ, ಪರವಾಗಿಲ್ವಾ?" ಎಂದರು. ಇರಲಿ ಮೇಡಂ, ಅದು ನಾನೇ ಅಲ್ಲವಾ ಎಂದೆ. ನನಗೂ ಒಂದು ಬಿಸ್ಕತ್ತು ಕೊಟ್ಟರು.

ಜುಲೈ ಕೊನೆಯಿಂದ ಇಲ್ಲೇ ಒಂದು ಕಟ್ಟಡ ಕಚೇರಿಯಲ್ಲಿ ಕೆಲಸಕ್ಕೆ ಒಪ್ಪಿಕೊಂಡಿದ್ದೇನೆ, ಒಂದು ವರ್ಷಕ್ಕೆ. ನಿನ್ನನ್ನು ಕೇಳಿಲ್ಲ. ಮುಂದಿನ ಜೂನ್‌ನದು ಇಬ್ಬರೂ ಕೂತು ಮಾತಾಡಿ ನಿರ್ಧರಿಸೋಣ. ಕಾಗದದಲ್ಲಿ ಅಲ್ಲ, ಎದುರುಬದುರಾಗಿ.

ನಿಮ್ಮ ಮುಖ್ಯಸ್ಥರಿಗೆ ನಾನೇ ಬೇರೆ ಒಂದು ಅರ್ಜಿ ಬರೆದಿದ್ದೆ. ಒಂದು ದೋಣಿಯಿಂದ ಇನ್ನೊಂದು ದೋಣಿಯವರೆಗೆ ಇರಲು. ಒಪ್ಪಿಗೆ ಬಂತು. ಅದರಲ್ಲೂ ಒಂದೇ ಸಹಿಗೆ ಜಾಗವಿತ್ತು.

ಈ ಕಾಗದವನ್ನು ನಾಳೆಯ ಚೀಲಕ್ಕೆ ಹಾಕಿ, ಅದೇ ದೋಣಿಗೆ ನಾನೂ ಹತ್ತುತ್ತಿದ್ದೇನೆ. ನಿಮ್ಮ ಕ್ರಮದ ಪ್ರಕಾರ ದೋಣಿ ವಾಪಸ್ ಹೊರಟು ಚುಕ್ಕೆಯಾಗುವವರೆಗೆ ಚೀಲ ಬಿಚ್ಚುವಂತಿಲ್ಲ. ಅಲ್ಲಿಯವರೆಗೆ ನೀನು ಪಾಸೋ ಫೇಲೋ ಎಂದು ಎಷ್ಟು ಸಲ ಕೇಳಿದರೂ, ಕಾಡಿದರೂ, ಕೈ ಹಿಡಿದರೂ ನಾನು ಬಾಯಿ ಬಿಡುವುದಿಲ್ಲ. ನಿನ್ನ ಪಕ್ಕದ ಕಲ್ಲಿನ ಮೇಲೆ ಕೂತು ನಿನ್ನ ಹುಬ್ಬನ್ನೇ ನೋಡುತ್ತಿರುತ್ತೇನೆ.

ಈಗ ಕಾಗದ ಮಡಚು. ಈ ಕಡೆ ತಿರುಗು.